ಹಗೇವಿನಲ್ಲಿ ದೀಪವೇಕೆ ಆರುತ್ತದೆ?

ಕೆಲವು ಪ್ರಶ್ನೆಗಳು ಕೇಳಲು ಬಲು ಸಣ್ಣವಾಗಿ ಕಾಣುತ್ತವೆ. ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಧಾನ್ಯ ಸಂಗ್ರಹಣೆಯ ಬಗ್ಗೆ ತರಬೇತಿ ನಡೆಯುತ್ತಿದ್ದಾಗ, ಹಿಂದೆ ಕುಳಿತಿದ್ದ ವಯಸ್ಸಾದ ರೈತರೊಬ್ಬರು ಎದ್ದು ನಿಂತು, “ಹಗೇವಿನ ಬಾಯಿ ತೆಗೆದು ಕಂದೀಲು ಇಳಿಬಿಟ್ರ ಪಟ್ಟನ ಆರತೈತಿ. ಒಳಗ ಗಾಳಿ ಬೀಸೂದಿಲ್ಲ, ನೀರಿಲ್ಲ. ಮತ್ತ ದೀಪ ಆರಸೂದು ಯಾರ್‍ರೀ ಸಾಹೇಬ್ರ?” ಎಂದು ಕೇಳಿದರು. ಎಲ್ಲರೂ ನಕ್ಕರು. ಪಕ್ಕದಲ್ಲಿದ್ದ ಯುವಕನೊಬ್ಬ, “ಈಗ ಹಗೇವು ಯಾರ ಮನ್ಯಾಗ ಐತಿ ಕಾಕಾ?” ಎಂದ. ಅಜ್ಜ ಸುಮ್ಮನೆ ಬಿಡಲಿಲ್ಲ. “ಹಗೇವು ಇಲ್ದಿದ್ರ ಹಾಳು ಬಾವಿ ಐತಿ, ಗೋಬರ್ ಗ್ಯಾಸಿನ ಗುಂಡಿ ಐತಿ. ಅಲ್ಲೂ ಮಂದಿ ಸಾಯತಾರ” ಎಂದರು.

ಅಜ್ಜ ಹೇಳಿದ್ದು ನಿಜ. ಹಗೇವುಗಳು ಕಡಿಮೆಯಾಗಿವೆ, ಆದರೆ ಹಗೇವಿನಲ್ಲಿ ದೀಪವನ್ನು ಆರಿಸುವ ಕಾರಣ ನಮ್ಮನ್ನು ಬಿಟ್ಟು ಹೋಗಿಲ್ಲ. ಹಳೆಯ ಬಾವಿಯ ಹೂಳು ತೆಗೆಯಲು ಇಳಿದವನು ಮೇಲೆ ಬರಲಿಲ್ಲ, ಅವನನ್ನು ಎತ್ತಲು ಹೋದ ತಮ್ಮನೂ ಬರಲಿಲ್ಲ ಎಂಬ ಸುದ್ದಿಯನ್ನು ನಾವು ಇಂದಿಗೂ ಓದುತ್ತೇವೆ. ಆದುದರಿಂದ ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕಾಗಿದೆ.

ಕಾಳು ಉಸಿರಾಡುತ್ತದೆಯೇ?

ಉಸಿರಾಡುತ್ತದೆ. ಜೋಳ, ರಾಗಿ, ಕಡಲೆ ಮುಂತಾದ ಯಾವ ಕಾಳೇ ಆಗಲಿ, ಬಿತ್ತಿದರೆ ಮೊಳೆಯುತ್ತದೆ ಎಂದರೆ ಅದರೊಳಗೆ ಜೀವವಿದೆ ಎಂದೇ ಅರ್ಥ. ಜೀವವಿರುವ ವಸ್ತು ಗಾಳಿಯಲ್ಲಿರುವ ಆಮ್ಲಜನಕವನ್ನು ಒಳಗೆ ತೆಗೆದುಕೊಂಡು, ತನ್ನಲ್ಲಿರುವ ಹಿಟ್ಟಿನಂಶವನ್ನು ನಿಧಾನವಾಗಿ ಸುಟ್ಟು, ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ನೀರಿನ ಆವಿಯನ್ನೂ ಶಾಖವನ್ನೂ ಹೊರಗೆ ಬಿಡುತ್ತದೆ. “ಸುಟ್ಟು” ಎಂಬ ಮಾತನ್ನು ಅಲಂಕಾರಕ್ಕಾಗಿ ಹೇಳಿದ್ದಲ್ಲ. ಫ್ರಾನ್ಸಿನ ವಿಜ್ಞಾನಿಗಳಾದ ಲವಾಸಿಯೇ ಮತ್ತು ಲಪ್ಲಾಸ್ ಅವರು 1782-83ರ ಚಳಿಗಾಲದಲ್ಲಿ ಗಿನಿಪಿಗ್ ಎಂಬ ಪುಟ್ಟ ಪ್ರಾಣಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿಟ್ಟರು. ಅದರ ಮೈಶಾಖಕ್ಕೆ ಎಷ್ಟು ಮಂಜುಗಡ್ಡೆ ಕರಗುತ್ತದೆ ಎಂಬುದನ್ನು ಅಳೆದು, ಇದ್ದಿಲು ಉರಿಯುವುದಕ್ಕೂ ಪ್ರಾಣಿ ಉಸಿರಾಡುವುದಕ್ಕೂ ಮೂಲದಲ್ಲಿ ಭೇದವಿಲ್ಲ ಎಂದು ತೋರಿಸಿದರು. ದೀಪ ಬೇಗ ಉರಿಯುತ್ತದೆ, ಕಾಳು ಬಲು ನಿಧಾನವಾಗಿ ಉರಿಯುತ್ತದೆ, ಅಷ್ಟೇ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಎರಡು ಹಿಡಿ ಹೆಸರುಕಾಳನ್ನು ಒಂದು ರಾತ್ರಿ ನೆನೆಹಾಕಿ, ನೀರು ಬಸಿದು, ಅಗಲಬಾಯಿಯ ಗಾಜಿನ ಬಾಟಲಿಗೆ ಹಾಕಿ, ಬಿರಡೆ ಭದ್ರವಾಗಿ ಮುಚ್ಚಿರಿ. ಮಾರನೆಯ ದಿನ ಮೊಳಕೆ ಕಾಣಿಸಿಕೊಂಡಾಗ ಬಿರಡೆ ತೆಗೆದು, ಹೊತ್ತಿಸಿದ ಕಡ್ಡಿಯನ್ನು ಮೆಲ್ಲನೆ ಒಳಗಿಳಿಸಿದರೆ ಅದು ಆರಿಹೋಗುತ್ತದೆ. ಅದೇ ಬಾಟಲಿಯೊಳಗೆ ಸುಣ್ಣದ ತಿಳಿನೀರಿನ ಚಿಕ್ಕ ಬಟ್ಟಲನ್ನು ಇಟ್ಟಿದ್ದರೆ, ತಿಳಿಯಾಗಿದ್ದ ನೀರು ಹಾಲಿನಂತೆ ಬೆಳ್ಳಗಾಗಿರುತ್ತದೆ. ಇಂಗಾಲದ ಡೈಆಕ್ಸೈಡ್ ಇದೆ ಎಂಬುದಕ್ಕೆ ಅದೇ ಗುರುತು. ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಕೈಯಲ್ಲಿಯೇ ಮಾಡಿಸಿ ನೋಡಿ.

ನೆನೆದ ಕಾಳು ಜೋರಾಗಿ ಉಸಿರಾಡುತ್ತದೆ. ಒಣಗಿದ ಕಾಳಿನ ಉಸಿರು ತೀರ ಮೆಲ್ಲಗಿರುತ್ತದೆ. ಆದರೆ ಹಗೇವಿನಲ್ಲಿ ಕಾಳೊಂದೇ ಇರುವುದಿಲ್ಲವಲ್ಲ! ಸೊಂಡಿಲು ಹುಳು, ನುಸಿ, ಗೋಡೆಯ ತೇವಕ್ಕೆ ತಾಗಿದ ಕಡೆ ಬೂಷ್ಟು, ಇವೆಲ್ಲವೂ ಅದೇ ಗಾಳಿಯನ್ನು ಹಂಚಿಕೊಳ್ಳುತ್ತವೆ. ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದ ಮೇಲೆ ಹೊಸ ಗಾಳಿ ಬರುವ ದಾರಿಯೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78 ಭಾಗ ಸಾರಜನಕ, ಶೇಕಡಾ 21 ಭಾಗ ಆಮ್ಲಜನಕ ಇರುತ್ತವೆ. ಇಂಗಾಲದ ಡೈಆಕ್ಸೈಡ್ ಶೇಕಡಾ 0.04ರಷ್ಟು ಮಾತ್ರ. ನೂರು ಕಿಲೋ ತೂಕದ 50 ಚೀಲ ಜೋಳ ತುಂಬಿದ ಹಗೇವಿನಲ್ಲಿ ಕಾಳುಗಳ ಸಂದಿಯಲ್ಲಿ ನಿಲ್ಲುವ ಗಾಳಿ ಸುಮಾರು ಎರಡೂವರೆಯಿಂದ ಮೂರು ಘನ ಮೀಟರು. ಆ ಗಾಳಿಯಲ್ಲಿರುವ ಆಮ್ಲಜನಕವನ್ನೆಲ್ಲ ತೀರಿಸಲು ಐದು ಸಾವಿರ ಕಿಲೋ ಜೋಳದಲ್ಲಿ ಸುಮಾರು ಮುಕ್ಕಾಲು ಕಿಲೋ ಹಿಟ್ಟಿನಂಶ ಉಸಿರಾಟದಲ್ಲಿ ಕರಗಿದರೆ ಸಾಕು. ಅಷ್ಟು ಕರಗಿದ್ದು ರೈತನ ತಕ್ಕಡಿಗೆ ತಿಳಿಯುವುದೇ ಇಲ್ಲ. ಆದರೆ ಒಳಗಿನ ಗಾಳಿ ಮಾತ್ರ ಸತ್ತ ಗಾಳಿಯಾಗಿರುತ್ತದೆ.

ಹಗೇವಿನ ಹೆಗ್ಗಳಿಕೆಯೂ ಇದರಲ್ಲಿಯೇ ಅಡಗಿದೆ. ಹುಳುಗಳು ಆಮ್ಲಜನಕವನ್ನೆಲ್ಲ ತಾವೇ ಮುಗಿಸಿ ತಾವೇ ಸಾಯುತ್ತವೆ. ಆಮ್ಲಜನಕ ಶೇಕಡಾ ಎರಡು ಮೂರಕ್ಕೆ ಇಳಿದರೆ ಕಾಳಿನ ಹುಳು ಬದುಕುವುದು ಕಷ್ಟ. ಔಷಧಿಯಿಲ್ಲದೆ ಧಾನ್ಯವನ್ನು ವರ್ಷಗಟ್ಟಲೆ ಕಾಪಾಡಿದ ನಮ್ಮ ಹಿರಿಯರ ಉಪಾಯ ಇದು. ಇಂದು ಗಾಳಿಯಾಡದ ಪ್ಲಾಸ್ಟಿಕ್ ಚೀಲಗಳಲ್ಲಿ ಕಾಳು ತುಂಬಿಡುವ ಪದ್ಧತಿಯೂ ಇದೇ ತತ್ವದ ಮೇಲೆ ನಿಂತಿದೆ. ಹುಳುವನ್ನು ಕೊಂದ ಗಾಳಿ ಮನುಷ್ಯನನ್ನು ಗುರುತಿಸಿ ಬಿಟ್ಟುಬಿಡುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಕೆಟ್ಟ ಗಾಳಿ ಕೆಳಗೇ ಏಕೆ ನಿಲ್ಲುತ್ತದೆ?

ಇಂಗಾಲದ ಡೈಆಕ್ಸೈಡ್ ಸಾಧಾರಣ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬೀಸುವ ಗಾಳಿ ತಾಗದ ತಗ್ಗಿನಲ್ಲಿ ಅದು ನೀರಿನಂತೆ ನಿಲ್ಲುತ್ತದೆ. ಇಟಲಿಯ ನೇಪಲ್ಸ್ ನಗರದ ಬಳಿ “ನಾಯಿಯ ಗವಿ” ಎಂದು ಹೆಸರಾದ ಒಂದು ಗವಿಯಿದೆ. ಅದರ ನೆಲದ ಮೇಲೆ ಈ ಅನಿಲ ಮೊಣಕಾಲೆತ್ತರಕ್ಕೆ ನಿಲ್ಲುತ್ತಿದ್ದುದರಿಂದ, ಒಳಹೊಕ್ಕ ಮನುಷ್ಯ ನಿಂತೇ ಇರುತ್ತಿದ್ದ, ಜೊತೆಗಿದ್ದ ನಾಯಿ ಮೂರ್ಛೆ ಹೋಗುತ್ತಿತ್ತು. ಇದಕ್ಕಿಂತ ಘೋರವಾದದ್ದು ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ನಡೆಯಿತು. 1986ರ ಆಗಸ್ಟ್ 21ರ ರಾತ್ರಿ ನಿಯೋಸ್ ಎಂಬ ಕೆರೆಯ ತಳದಲ್ಲಿ ಸೇರಿಕೊಂಡಿದ್ದ ಇದೇ ಅನಿಲ ಒಮ್ಮೆಲೇ ಮೇಲೆದ್ದು, ಕಣಿವೆಯ ಗುಂಟ ಹರಿದು, ಸುಮಾರು 1,700 ಜನರನ್ನೂ ಸಾವಿರಾರು ದನಕರುಗಳನ್ನೂ ಬಲಿ ತೆಗೆದುಕೊಂಡಿತು.

ನಮ್ಮ ಹಾಳು ಬಾವಿಯಲ್ಲಿ ಅಷ್ಟು ಅನಿಲ ಇರುವುದಿಲ್ಲ, ನಿಜ. ಆದರೆ ಒಬ್ಬ ಮನುಷ್ಯನಿಗೆ ಸಾಕಾಗುವಷ್ಟು ಇರಬಹುದು. ತಳದಲ್ಲಿ ಕೊಳೆಯುವ ಎಲೆ, ಕಸ, ಹೂಳು ಅದನ್ನು ಹುಟ್ಟಿಸುತ್ತವೆ. ಮಣ್ಣಿನೊಳಗೂ ಬೇರು ಮತ್ತು ಸೂಕ್ಷ್ಮಜೀವಿಗಳು ಉಸಿರಾಡುವುದರಿಂದ ಮಣ್ಣಿನ ಸಂದಿಯ ಗಾಳಿಯಲ್ಲಿ ಈ ಅನಿಲ ಹೊರಗಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುವುದುಂಟು. ಮಳೆ ಬರುವ ಮುಂಚೆ ವಾತಾವರಣದ ಒತ್ತಡ ತಗ್ಗಿದಾಗ ಆ ಗಾಳಿ ಮಣ್ಣಿನಿಂದ ಬಾವಿಯೊಳಕ್ಕೆ ಸರಿಯುತ್ತದೆ. ನಿನ್ನೆ ಇಳಿದು ಕೆಲಸ ಮಾಡಿ ಬಂದ ಬಾವಿಯೇ ಇಂದು ಮೋಡ ಕವಿದ ಹೊತ್ತಿನಲ್ಲಿ ಮೋಸ ಮಾಡಬಹುದು. ಅರ್ಧ ಜೋಳ ತೆಗೆದು ಮತ್ತೆ ಬಾಯಿ ಮುಚ್ಚಿದ ಹಗೇವಿನ ವಿಷಯದಲ್ಲಿಯೂ ಇದೇ ಮಾತು.

ಮನುಷ್ಯ ಕೂಗದೆ ಬೀಳುವುದೇಕೆ?

ಇದನ್ನು ತಿಳಿದುಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. “ಉಸಿರು ಕಟ್ಟಿದರೆ ನನಗೆ ಗೊತ್ತಾಗುವುದಿಲ್ಲವೇ, ಆಗ ಮೇಲೆ ಹತ್ತುತ್ತೇನೆ” ಎಂದು ಗಟ್ಟಿಮುಟ್ಟಾದ ಯುವಕರು ಹೇಳುವುದುಂಟು. ಗೊತ್ತಾಗುವುದಿಲ್ಲ. ನಾವು ಮೂಗು ಹಿಡಿದು ಕುಳಿತಾಗ ಆಗುವ ತಳಮಳ ಮುಖ್ಯವಾಗಿ ಆಮ್ಲಜನಕ ಕಡಿಮೆಯಾದದ್ದರಿಂದ ಆಗುವುದಲ್ಲ, ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರಿಂದ ಆಗುವುದು. ಕೆಲವು ಬಾವಿಗಳಲ್ಲಿ ಮಣ್ಣಿನ ಕಬ್ಬಿಣದಂಶ ತುಕ್ಕು ಹಿಡಿಯುತ್ತ ಆಮ್ಲಜನಕವನ್ನು ಮಾತ್ರ ತಿಂದು ಹಾಕಿರುತ್ತದೆ. ಅಂಥ ಗಾಳಿಯಲ್ಲಿ ಉಸಿರಾಟ ಎಂದಿನಂತೆಯೇ ಸಲೀಸಾಗಿ ಸಾಗುತ್ತದೆ, ವಾಸನೆಯಿಲ್ಲ, ತಳಮಳವಿಲ್ಲ. ಆಮ್ಲಜನಕ ಶೇಕಡಾ 16ಕ್ಕೆ ಇಳಿದಾಗ ಮೊದಲು ಮಂಕಾಗುವುದು ಬುದ್ಧಿ. ಶೇಕಡಾ 10ರ ಸುಮಾರಿಗೆ ಎಚ್ಚರ ತಪ್ಪುತ್ತದೆ. ಶೇಕಡಾ 6ಕ್ಕಿಂತ ಕೆಳಗೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುವ ಕಡೆ ಏದುಸಿರು, ತಲೆನೋವು ಬರುವುದೇನೋ ನಿಜ. ಆದರೆ ಅದು ಶೇಕಡಾ 10ನ್ನು ಮುಟ್ಟಿದ್ದರೆ ಏಣಿಯ ಮೆಟ್ಟಿಲು ಹತ್ತುವಷ್ಟು ಅವಕಾಶ ಸಿಗದೆ ಹೋಗಬಹುದು.

ಕೆಳಗೆ ಬಿದ್ದವನನ್ನು ಕಂಡು ಮೇಲಿದ್ದವರು ಹಾವು ಕಚ್ಚಿತೋ, ತಲೆ ಸುತ್ತಿತೋ ಎಂದುಕೊಂಡು ತಾವೂ ಇಳಿಯುತ್ತಾರೆ. ಒಂದು ಮನೆಯಲ್ಲಿ ಒಂದೇ ದಿನ ಎರಡು ಮೂರು ಹೆಣ ಬೀಳುವುದು ಹೀಗೆ. ಅಣ್ಣ ಬಿದ್ದಿರುವಾಗ ತಮ್ಮನಿಗೆ “ಇಳಿಯಬೇಡ” ಎಂದು ಹೇಳುವುದು ಕಠಿಣವಾದ ಮಾತು. ಆದರೂ ಹೇಳಲೇಬೇಕು. ಹಗ್ಗ ಕಟ್ಟಿಕೊಳ್ಳದೆ ಇಳಿದ ತಮ್ಮ ಅಣ್ಣನನ್ನು ಎತ್ತಲಾರ. ಮೊದಲೇ ಸೊಂಟ ಮತ್ತು ಎದೆಗೆ ಹಗ್ಗ ಕಟ್ಟಿ ಇಳಿಸಿದ್ದರೆ ಮೇಲಿನಿಂದಲೇ ಇಬ್ಬರು ಎಳೆದುಕೊಳ್ಳಬಹುದಾಗಿತ್ತು. ಹಗ್ಗವಿಲ್ಲದಿದ್ದರೆ ಬಾವಿಯೊಳಕ್ಕೆ ಮೇಲಿನಿಂದ ಗಾಳಿ ನುಗ್ಗಿಸುತ್ತ, ಅಗ್ನಿಶಾಮಕ ದಳಕ್ಕೆ 112 ಅಥವಾ 101ಕ್ಕೆ ಕರೆ ಮಾಡುವುದೇ ಸರಿಯಾದ ದಾರಿ. ಗಾಳಿಯ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡವರು ಮಾತ್ರ ಅಲ್ಲಿ ಇಳಿಯತಕ್ಕದ್ದು.

ಹಾಗಾದರೆ ಇಳಿಯುವ ಮುಂಚೆ ಏನು ಮಾಡಬೇಕು? ಹಗೇವಿನ ಬಾಯಿಯನ್ನು ಪೂರ್ತಿ ತೆರೆದು ಒಂದು ದಿನವಾದರೂ ಬಿಡಬೇಕು. ಕಾಳು ತೂರುವ ಫ್ಯಾನು ಇದ್ದರೆ ಅದಕ್ಕೆ ಬಟ್ಟೆಯ ಅಥವಾ ಪ್ಲಾಸ್ಟಿಕ್ಕಿನ ಉದ್ದ ಕೊಳವೆ ಕಟ್ಟಿ, ಕೊಳವೆಯ ತುದಿ ತಳ ಮುಟ್ಟುವಂತೆ ಇಳಿಬಿಟ್ಟು ಗಾಳಿ ಹಾಯಿಸಬೇಕು. ಫ್ಯಾನು ಇಲ್ಲದ ಕಡೆ ಬೇವಿನ ಸೊಪ್ಪಿನ ದೊಡ್ಡ ಕಟ್ಟನ್ನು ಹಗ್ಗಕ್ಕೆ ಕಟ್ಟಿ ಬಾವಿಯಲ್ಲಿ ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಎಳೆದಾಡಿದರೆ ಗಾಳಿ ಕದಡುತ್ತದೆ. ಇದು ಫ್ಯಾನಿನಷ್ಟು ಚೆನ್ನಲ್ಲ. ಅನಂತರ ಕಂದೀಲನ್ನು ಹಗ್ಗದಲ್ಲಿ ತಳದವರೆಗೆ ಇಳಿಸಿ, ಹತ್ತು ನಿಮಿಷ ಅಲ್ಲಿಯೇ ಬಿಡಬೇಕು. ಆರಿದರೆ ಇಳಿಯುವ ಮಾತೇ ಇಲ್ಲ. ಮಂಕಾದರೂ ಇಳಿಯಬಾರದು. ದೀಪ ಚೆನ್ನಾಗಿ ಉರಿದರೂ ಹಗ್ಗ ಕಟ್ಟಿಕೊಂಡೇ ಇಳಿಯಬೇಕು, ಮೇಲೆ ಇಬ್ಬರು ಹಗ್ಗ ಹಿಡಿದು ಮಾತನಾಡಿಸುತ್ತಲೇ ಇರಬೇಕು.

ದೀಪ ಉರಿದರೆ ಭಯವಿಲ್ಲವೇ?

ಇದೆ. ದೀಪದ ಪರೀಕ್ಷೆಗೆ ಒಂದು ಮಿತಿಯಿದೆ, ಅದನ್ನು ಹಿರಿಯರು ಹೇಳಿಲ್ಲ. ಆಮ್ಲಜನಕ ಶೇಕಡಾ 16ರ ಆಸುಪಾಸಿಗೆ ಇಳಿದಾಗ ದೀಪ ಆರುತ್ತದೆ. ಹಗೇವಿನಲ್ಲಿ ಒಂದು ಅನಿಲ ಹೆಚ್ಚಿದಷ್ಟೂ ಇನ್ನೊಂದು ಕಡಿಮೆಯಾಗುವುದರಿಂದ ಈ ಪರೀಕ್ಷೆ ಬಹುಮಟ್ಟಿಗೆ ನಂಬುವಂಥದು. ಬಾವಿಯಲ್ಲಿ ಹಾಗಲ್ಲ. ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೊರಗಿನಿಂದ ಬಂದು ಸೇರಿಕೊಂಡಿದ್ದರೆ, ದೀಪ ಇನ್ನೂ ಉರಿಯುತ್ತಿರುವಾಗಲೇ ಮನುಷ್ಯ ಬೀಳಬಹುದು. ಆಮ್ಲಜನಕ ಅಳೆಯುವ ಕೈಯಳತೆಯ ಮಾಪಕಗಳು ಈಗ ದೊರೆಯುತ್ತವೆ. ಬಾವಿ ತೋಡುವುದನ್ನೇ ಕಸುಬು ಮಾಡಿಕೊಂಡವರು, ಸಹಕಾರ ಸಂಘಗಳು ಒಂದನ್ನು ಕೊಂಡಿಟ್ಟುಕೊಂಡರೆ ದುಬಾರಿಯೇನಲ್ಲ ಎಂದೇ ನನ್ನ ಅಭಿಪ್ರಾಯ.

ಗೋಬರ್ ಗ್ಯಾಸಿನ ಗುಂಡಿಯ ಬಳಿಯಂತೂ ದೀಪ ತರಲೇಬಾರದು. ಅಲ್ಲಿರುವ ಮೀಥೇನ್ ಹೊತ್ತಿಕೊಂಡು ಸಿಡಿಯುತ್ತದೆ. ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಈ ಅನಿಲದ ಕಪಟವೆಂದರೆ, ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕೆಡಿಸುತ್ತದೆ. “ವಾಸನೆ ಹೋಯಿತು, ಇನ್ನು ಇಳಿಯಬಹುದು” ಎಂದು ತಿಳಿದವನು ಕೆಡುತ್ತಾನೆ. ಶೌಚದ ಗುಂಡಿಯೂ ಹೀಗೆಯೇ. ಮುನ್ನೆಚ್ಚರಿಕೆಯ ಸಾಧನಗಳಿಲ್ಲದೆ ಅದಕ್ಕೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಸಾರಿದೆ.

ಡೀಸೆಲ್ ಅಥವಾ ಸೀಮೆಎಣ್ಣೆ ಎಂಜಿನ್ನನ್ನು ಬಾವಿಯೊಳಗೆ ಇಳಿಸಿ ನಡೆಸುವುದು ಇನ್ನೊಂದು ಅಪಾಯ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಕೆಂಪು ಕಣಗಳನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ, ದೀಪವನ್ನು ಮಾತ್ರ ಆರಿಸುವುದಿಲ್ಲ. ಮಲೆನಾಡಿನಲ್ಲಿ ಚಳಿಗೆ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದಿರುವುದಕ್ಕೆ ಇದೇ ಅನಿಲ ಕಾರಣ. ಕಾಳಿನ ಹುಳುವಿಗೆಂದು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ಅನಿಲವೂ ದೀಪಕ್ಕೆ ತಿಳಿಯದು. ಯಾರೋ ಕೊಟ್ಟರೆಂದು ಆ ಮಾತ್ರೆಗಳನ್ನು ಮನುಷ್ಯರು ಮಲಗುವ ಮನೆಯಲ್ಲಿ ಬಳಸಲೇಬಾರದು.

ಕಾಳಿನ ಚೀಲ ಬೆಚ್ಚಗಾಗುವುದೇಕೆ?

ಉಸಿರಾಟದಿಂದ ಶಾಖ ಬರುತ್ತದೆ ಎಂದೆವಷ್ಟೆ. ಕಾಳು ಹಸಿಯಾಗಿದ್ದರೆ ಉಸಿರಾಟ ಹೆಚ್ಚು, ಉಸಿರಾಟದಿಂದ ಮತ್ತೆ ನೀರಿನ ಆವಿ, ಆವಿಯಿಂದ ಇನ್ನಷ್ಟು ತೇವ, ತೇವದಿಂದ ಬೂಷ್ಟು. ಚೀಲದ ನಡುವೆ ಕೈಯಿಟ್ಟಾಗ ಬಿಸಿ ತಗುಲಿದರೆ ಕಾಳು ತನ್ನನ್ನು ತಾನೇ ತಿನ್ನುತ್ತಿದೆ ಎಂದು ತಿಳಿಯಿರಿ, ಕೂಡಲೇ ಹರವಿ ಒಣಗಿಸಿರಿ. ಜೋಳವನ್ನು ಶೇಕಡಾ 12ರ ತೇವಾಂಶಕ್ಕೆ ಒಣಗಿಸಿ ತುಂಬುವುದು ಕ್ಷೇಮ. ತೇವ ಅಳೆಯುವ ಯಂತ್ರವಿಲ್ಲದವರು ಉಪ್ಪಿನ ಪರೀಕ್ಷೆ ಮಾಡಬಹುದು. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯ ಮೂರನೆಯ ಒಂದು ಭಾಗ ಕಾಳು ತುಂಬಿ, ಎರಡು ಮೂರು ಚಮಚ ಒಣ ಪುಡಿಯುಪ್ಪು ಹಾಕಿ, ಒಂದು ನಿಮಿಷ ಕುಲುಕಿ, ಹದಿನೈದು ನಿಮಿಷ ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ತೇವ ಶೇಕಡಾ 15ಕ್ಕೂ ಹೆಚ್ಚಾಗಿದೆ ಎಂದರ್ಥ. ಅಂಟದಿದ್ದ ಮಾತ್ರಕ್ಕೆ ಶೇಕಡಾ 12 ಆಯಿತೆಂದಲ್ಲ, ಇನ್ನೊಂದೆರಡು ಬಿಸಿಲು ಕಾಣಿಸುವುದೇ ಮೇಲು.

ಬಿತ್ತನೆಗೆ ಇಟ್ಟುಕೊಂಡ ಕಾಳಿಗಂತೂ ಇದು ಬಹಳ ಮುಖ್ಯ. ಹ್ಯಾರಿಂಗ್ಟನ್ ಎಂಬ ಅಮೆರಿಕದ ಬೀಜ ವಿಜ್ಞಾನಿ ಒಂದು ಸುಲಭ ಸೂತ್ರ ಕೊಟ್ಟಿದ್ದಾರೆ. ಶೇಕಡಾ 14ರಿಂದ 5ರವರೆಗಿನ ತೇವಾಂಶದಲ್ಲಿ ಪ್ರತಿ ಶೇಕಡಾ ಒಂದರಷ್ಟು ತೇವ ಇಳಿದಾಗಲೂ ಬೀಜದ ಆಯುಸ್ಸು ಇಮ್ಮಡಿಯಾಗುತ್ತದೆ. ಶೇಕಡಾ 13ರಲ್ಲಿ ಒಂದು ವರ್ಷ ಬಾಳುವ ಬೀಜ ಶೇಕಡಾ 11ರಲ್ಲಿ ನಾಲ್ಕು ವರ್ಷದವರೆಗೂ ಬಾಳಬಹುದು ಎಂದಾಯಿತು. ಎರಡು ದಿನದ ಬಿಸಿಲಿಗೆ ಇಷ್ಟು ಬಡ್ಡಿ ಬೇರೆಲ್ಲೂ ಸಿಗಲಾರದು.

ಬಣವೆಗೆ ತಾನಾಗಿ ಬೆಂಕಿ ಬೀಳುವುದುಂಟೇ?

ಉಂಟು. ಬಣವೆಗೆ ಬೆಂಕಿ ಬಿದ್ದಾಗ ಆಗದವರ ಮೇಲೆ ಗುಮಾನಿ ಪಡುವುದು ನಮ್ಮಲ್ಲಿ ವಾಡಿಕೆ. ಕೆಲವು ಸಲ ಅದು ನಿಜವೂ ಇರಬಹುದು. ಆದರೆ ಹಸಿ ಮೇವನ್ನು, ಮಳೆಗೆ ನೆನೆದ ಹುಲ್ಲನ್ನು ಒತ್ತಿ ಬಣವೆ ಹಾಕಿದರೆ ಸೂಕ್ಷ್ಮಜೀವಿಗಳ ಉಸಿರಾಟದಿಂದಲೇ ಒಳಗಿನ ಶಾಖ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಅಲ್ಲಿಂದ ಮುಂದೆ ಆ ಜೀವಿಗಳೂ ಸತ್ತು, ರಾಸಾಯನಿಕ ಕ್ರಿಯೆಯಿಂದ ಬಿಸಿ ಏರುತ್ತಲೇ ಹೋಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಣವೆ ಹಾಕಿದ ಮೊದಲ ಕೆಲವು ವಾರಗಳಲ್ಲಿ ಉದ್ದನೆಯ ಕಬ್ಬಿಣದ ಸಲಾಕೆಯನ್ನು ನಡುವಿನವರೆಗೂ ಚುಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಎಳೆದು, ತುದಿ ಮುಟ್ಟಿ ನೋಡಿರಿ. ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಿದ್ದರೆ ಬಣವೆ ಬಿಚ್ಚಬೇಕು. ಒಬ್ಬರೇ ಬಿಚ್ಚಬೇಡಿ, ಪಕ್ಕದಲ್ಲಿ ನೀರು ತುಂಬಿಟ್ಟುಕೊಂಡೇ ಬಿಚ್ಚಿರಿ. ಹೊರಗಿನ ಗಾಳಿ ತಾಗಿದೊಡನೆ ಉರಿ ಏಳುವ ಸಂಭವವಿದೆ.

ಹುಣಸೆ ಮರದ ಕೆಳಗೆ ರಾತ್ರಿ ಮಲಗಬಾರದೇ?

ಇದನ್ನು ಕೇಳದ ಸಭೆಯೇ ಇಲ್ಲ. ಇಂಗ್ಲೆಂಡಿನ ಪ್ರೀಸ್ಟ್ಲಿ ಎಂಬುವರು 1771ರಲ್ಲಿ, ಮೇಣದಬತ್ತಿ ಉರಿದು ಕೆಟ್ಟ ಗಾಳಿಯಲ್ಲಿ ಪುದೀನದ ರೆಂಬೆಯಿಟ್ಟರೆ ಕೆಲವು ದಿನಗಳಲ್ಲಿ ಆ ಗಾಳಿ ಮತ್ತೆ ಒಳ್ಳೆಯದಾಗುವುದನ್ನು ಕಂಡರು. 1779ರಲ್ಲಿ ಇಂಗನ್‌ಹೌಸ್ ಎಂಬ ವೈದ್ಯರು, ಗಿಡ ಗಾಳಿಯನ್ನು ಶುದ್ಧಿ ಮಾಡುವುದು ಬಿಸಿಲಿನಲ್ಲಿ ಮಾತ್ರ, ಕತ್ತಲೆಯಲ್ಲಿ ಅದೂ ನಮ್ಮಂತೆಯೇ ಉಸಿರು ಬಿಡುತ್ತದೆ ಎಂದು ತೋರಿಸಿದರು. ಆದುದರಿಂದ ರಾತ್ರಿ ಹುಣಸೆ ಮರ ಇಂಗಾಲದ ಡೈಆಕ್ಸೈಡ್ ಬಿಡುವುದು ನಿಜ. ಬೇವೂ ಬಿಡುತ್ತದೆ, ಮಾವೂ ಬಿಡುತ್ತದೆ. ಆದರೆ ಬಯಲಿನಲ್ಲಿ ಆ ಗಾಳಿ ನಿಲ್ಲುವುದಿಲ್ಲ, ಹರಡಿಹೋಗುತ್ತದೆ. ಮನುಷ್ಯನೊಬ್ಬನೇ ದಿನಕ್ಕೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಮಲಗುವಾಗ ಹೆದರದವರು ಮರಕ್ಕೆ ಹೆದರಬೇಕಾಗಿಲ್ಲ.

ಸಂಜೆಯಾದೊಡನೆ ಹುಣಸೆಯ ಎಲೆಗಳು ಮಡಿಚಿಕೊಳ್ಳುವುದನ್ನು ಕಂಡು ಜನ ಏನೇನೋ ಕಲ್ಪಿಸಿಕೊಂಡಿರಬೇಕು. ಬೇಸಿಗೆಯ ರಾತ್ರಿ ಹೊಲ ಕಾಯುವವರು ಮರದಡಿ ಮಲಗುವುದಾದರೆ ಒಣಗಿದ ಕೊಂಬೆಯಿದೆಯೇ ನೋಡಿಕೊಳ್ಳಲಿ, ಹಾವು ಚೇಳಿನ ಭಯಕ್ಕೆ ನೆಲ ಬಿಟ್ಟು ಮಂಚದ ಮೇಲೆ ಮಲಗಲಿ, ಗುಡುಗು ಸಿಡಿಲಿನ ಸೂಚನೆ ಕಂಡರೆ ಮರ ಬಿಟ್ಟು ಮನೆ ಸೇರಲಿ.